ಹತ್ತನೇ ತಿಂಗಳ ಹದಿನೇಳು

ಕುದುರೆ ವರ್ಷ, ಆರನೇ ತಿಂಗಳು, ಮೂರು
ಎಡೊ, ಬಾಕುರೊಚೊ

ತಂಗಿ ಓತಾಮಿಗೆ ಅಣ್ಣ ಗೆಂಪಾಚಿ ಬರೆಯುವುದು.

ಬದುಕಿದ್ದೇನೆ, ಒಂದು ಹಲ್ಲು ಕಡಿಮೆ. ನಗಬೇಡ. ನಮ್ಮ ಅಚ್ಚಿನ ಚಿತ್ರದಂಗಡಿ ಮುಂದೆ ನಿನ್ನ ಗಂಡ ತೊಮೊಜುರೊ ಅವರ ಚಿತ್ರ ತೂಗುಹಾಕಿ, ಅದರ ಪಕ್ಕದಲ್ಲಿ ಇನ್ನೊಬ್ಬ ನಟನ ಚಿತ್ರವನ್ನು ಒಂದು ಗೇಣು ಕೆಳಗೆ ಹಾಕಿದ್ದೇ ತಪ್ಪಾಯಿತು. ಆ ನಟನ ಅಭಿಮಾನಿಗಳೆಲ್ಲ ಮೀನುಪೇಟೆಯ ಹಮಾಲರು. ಹನ್ನೆರಡು ಜನ ಮೀನಿನ ಕೊಕ್ಕೆ ಹಿಡಿದು ನುಗ್ಗಿದರು. "ಯಾವನ್ಲೇ ಅವ್ನು, ನಮ್ಮೋರನ್ನ ನಿಮ್ಮೋನ ಕಾಲಡಿ ನೇತಾಕಿದ್ದು?" ಎಂದು ಒಬ್ಬ ಕೂಗಿದ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ನಿಮ್ಮೋರು ಕುಳ್ಳಗಿದ್ರೆ ನಾವೇನಪ್ಪ ಮಾಡೋಣ?" ಅಂದೆ. ಹಲ್ಲು ಹೋದದ್ದು ಅಲ್ಲೇ. ಅಚ್ಚೊತ್ತುವ ಯಾಸುಕೆಯ ಕಿವಿ ಕೊಕ್ಕೆಗೆ ಸಿಕ್ಕಿ ಹರಿದು ಜೋತಾಡಿತು. ರಕ್ತ ಹಾರಿ ಮೂವತ್ತು ಚಿತ್ರ ಹಾಳಾದವು. ಮಸುಗೊರೊ ಧಣಿ ಬಲು ಚಾಲಾಕು. ಕೊಲೆಯ ದೃಶ್ಯದ ಚಿತ್ರಗಳಾದ್ದರಿಂದ ಅವನ್ನೂ ಹಾಗೆಯೇ ಮಾರಿಬಿಟ್ಟರು.

ಈಗ ಕೆಲಸದ ಮಾತು. ಭಾವನವರು ನಿಮ್ಮ ಓಸಾಕದಲ್ಲಿ ಆಡುತ್ತಿರುವ ಹೊಸ ಆಟದಲ್ಲಿ ಖಳ ತನ್ನ ಹೆಂಡತಿಯನ್ನು ಜುಟ್ಟು ಹಿಡಿದು ಸೇತುವೆ ಮೇಲೆ ಎಳೆಯುವ ದೃಶ್ಯವಿದೆಯಂತೆ. ಅದನ್ನು ಎಲ್ಲರಿಗಿಂತ ಮೊದಲು ನಾವು ಹೊರತರಬೇಕು. ಇಲ್ಲಿನ ಚಿತ್ರಗಾರ ಆಟ ನೋಡಿಲ್ಲ. ಕೈ ಕೂದಲೊಳಗೆ ಹೋದಾಗ ಎಷ್ಟು ಬೆರಳು ಕಾಣುತ್ತವೆ, ಹೆಬ್ಬೆರಳು ಎಲ್ಲಿರುತ್ತದೆ, ಅವಳ ಕತ್ತು ಎತ್ತ ವಾಲುತ್ತದೆ, ನೋಡಿ ಬರೆ. ಅಚ್ಚಿನ ಹಲಗೆಯಲ್ಲಿ ಬಟ್ಟೆಬರೆ ಬೇರೆಯವರು ಕೆತ್ತುತ್ತಾರೆ. ಮುಖ ಮತ್ತು ಕೂದಲು ನನ್ನ ಪಾಲು. ಒಂದು ಬೆರಳು ತಪ್ಪಿದರೂ ಓಸಾಕದವರು ನನ್ನನ್ನು ನೋಡಿ ನಗುತ್ತಾರೆ.

*

ಆರನೇ ತಿಂಗಳು, ಇಪ್ಪತ್ತು
ಓಸಾಕ, ದೋತೊನ್‌ಬೊರಿ

ಅಣ್ಣನಿಗೆ,

ನಾಲ್ಕು ಬೆರಳು ಕಾಣುತ್ತವೆ. ಹೆಬ್ಬೆರಳು ಕಾಣುವುದಿಲ್ಲ, ಅದು ಕತ್ತಿನ ಹಿಂದಿನ ಕುಳಿಯಲ್ಲಿ ಒತ್ತಿರುತ್ತದೆ. ಕತ್ತು ಬಲಕ್ಕೆ ವಾಲುತ್ತದೆ. ಹೆಂಗಸಿನ ಎಡಗಣ್ಣು ಮೇಲಕ್ಕೆ ಎಳೆದುಕೊಂಡು ಅರ್ಧ ಮುಚ್ಚುತ್ತದೆ. ಬಾಚಣಿಗೆ ಮೊದಲು ಬೀಳುವುದಿಲ್ಲ, ಆಮೇಲೆ ಬೀಳುತ್ತದೆ.

ನಿಮಗೆ ಒಂದು ಹಲ್ಲು ಹೋಯಿತೆಂದು ಬರೆದಿದ್ದೀರಿ. ಮದುವೆಯಾದವಳೆಂದು ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುವ ಕೆಲಸ ನನಗೆ ಎರಡು ಹಲ್ಲಿನಷ್ಟು ಕಡಿಮೆಯಾಗಿದೆ.

ಒಂದು ಉಪಕಾರ ಮಾಡಿ. ಹೆಂಡತಿಯನ್ನು ಮದುವೆಯಿಂದ ಬಿಡಲು ಗಂಡ ಬರೆದುಕೊಡುವ ಆ ಮೂರೂವರೆ ಸಾಲನ್ನು ನಿಮ್ಮ ಭಾವನವರಿಂದ ನನಗೆ ಬರೆಸಿಕೊಡಿ. ಹೆಂಗಸು ಕೇಳಿದರೆ ಬರೆಯುವುದಿಲ್ಲ. ನೀವು ಕೇಳಿದರೆ ಬರೆದಾರು. ನಿಮ್ಮ ಅಂಗಡಿ ಎಂದರೆ ಅವರಿಗೆ ಮರ್ಯಾದೆ ಇದೆ.

*

ಏಳನೇ ತಿಂಗಳು, ಎಂಟು
ಎಡೊ

ಓತಾಮಿ,

ಭಲೇ! ನೀನು ಗಂಡಾಗಿ ಹುಟ್ಟಿದ್ದರೆ ಚಿತ್ರಗಾರನೇ ಆಗುತ್ತಿದ್ದೆ. ಆ ಎಡಗಣ್ಣು! ಚಿತ್ರಗಾರ ನಿನ್ನ ಕಾಗದ ಓದಿ, "ನಿನ್ ತಂಗಿ ವೇದಿಕೆ ಅಂಚಲ್ಲೇ ಕೂತು ನೋಡಿರ್ಬೇಕು ಕಣಯ್ಯ" ಎಂದ. ನಾಲ್ಕು ದಿನ ಕತ್ತೆತ್ತದೆ ಅವಳ ಕೂದಲು ಕೆತ್ತಿದೆ. ಬೆರಳ ಸಂದಿಯಿಂದ ಎದ್ದ ಎಳೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತವೆ. ಜನ ಮುಗಿಬಿದ್ದು ಕೊಂಡರು.

ಹಲ್ಲಿನ ವಿಷಯ ಓದಿ ಬೇಸರವಾಯಿತು. ಆ ಮನೆಯ ಮೆಟ್ಟಿಲು ಕಡಿದು ಎಂದು ಮದುವೆಯ ದಿನವೇ ಹೇಳಿದ್ದೆ. ಕಾಲ ಕೆಳಗೆ ನೋಡಿ ನಡೆ.

ಮೂರೂವರೆ ಸಾಲಿನ ಮಾತು ಮಾತ್ರ ಎತ್ತಬೇಡ. ನಿನ್ನ ಮದುವೆಗಾಗಿ ನಾನು ಅವರ ಮನೆಗೆ ಏಳು ಸಲ ನಡೆದವನು. ಅವರ ಮುಖ ಕೆತ್ತಿಯೇ ನಾನು ಈ ಪೇಟೆಯಲ್ಲಿ ತಲೆಯೆತ್ತಿ ಓಡಾಡುತ್ತಿರುವುದು. ಗಂಡ ಹೆಂಡಿರ ಜಗಳ ಯಾವ ಮನೆಯಲ್ಲಿಲ್ಲ? ಖಳನ ಪಾತ್ರ ಮಾಡಿ ಬಂದವರಿಗೆ ಆ ಸಿಟ್ಟು ಮೈಯಿಂದ ಇಳಿಯಲು ಸ್ವಲ್ಪ ಹೊತ್ತು ಬೇಕು. ಬಿಸಿ ಸಾಕೆ ಮದ್ಯ ಕೊಟ್ಟು ಸುಮ್ಮನಿದ್ದುಬಿಡು.

*

ಎಂಟನೇ ತಿಂಗಳು, ಒಂದು
ಓಸಾಕ

ಅಣ್ಣನಿಗೆ,

ನೀವು ಅರ್ಥವಾಗದ ಹಾಗೆ ಮಾಡಿದರೆ ನಾನು ಬಿಡಿಸಿಯೇ ಬರೆಯಬೇಕಾಗುತ್ತದೆ.

ಈ ಮನೆಯ ಮೆಟ್ಟಿಲು ಚೆನ್ನಾಗಿಯೇ ಇದೆ. ಹಲ್ಲು ಮುರಿದದ್ದು ಅವರ ಮೊಣಕೈಯಿಂದ. ಎಷ್ಟು ಬೆರಳು ಕಾಣುತ್ತವೆ ಎಂದು ನೀವು ಕೇಳಿದ್ದನ್ನು ನಾನು ದಡ್ಡಿ ಹೋಗಿ ಅವರನ್ನೇ ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು. ಅಡುಗೆಮನೆಯಿಂದ ಅಂಗಳದವರೆಗೆ ಎಳೆದುಕೊಂಡು ಹೋದರು. ಅತ್ತೆ ಬಾಗಿಲಲ್ಲಿ ನಿಂತು, "ಇನ್ನೊಂಚೂರು ಎಡಕ್ಕೆ ತಿರುಗೋ, ಎಡೋದೋರಿಗೆ ಮುಖ ಚೆನ್ನಾಗಿ ಕಾಣ್ಲಿ" ಎಂದು ನಕ್ಕರು. ಅಂಗಳದಲ್ಲಿ ಹಿಡಿ ಕೂದಲು ಬಿದ್ದಿತ್ತು. ಅದನ್ನು ಗುಡಿಸಿದವಳೂ ನಾನೇ. ಆ ಚಿತ್ರದಲ್ಲಿ ನೀವು ನಾಲ್ಕು ದಿನ ಕೂತು ಕೆತ್ತಿದ್ದು ನನ್ನ ತಲೆಯನ್ನು.

ಮೊನ್ನೆ ಹೊಟ್ಟೆಗೆ ಒದ್ದರು. ಮೂರು ತಿಂಗಳಾಗಿತ್ತು. ಹೋಯಿತು. ಎರಡು ದಿನ ರಕ್ತ ನಿಲ್ಲಲಿಲ್ಲ. ಮೂರನೇ ದಿನ ಅವರ ಆಟದ ಉಡುಪು ಒಗೆಯಲು ಎದ್ದೆ.

ನನ್ನನ್ನು ಕರೆದುಕೊಂಡು ಹೋಗಿ ಅಣ್ಣ. ನಿಮ್ಮ ಅಂಗಡಿಯಲ್ಲಿ ಅಂಟು ಕಾಯಿಸಿಕೊಂಡು ಇರುತ್ತೇನೆ.

*

ಎಂಟನೇ ತಿಂಗಳು, ಇಪ್ಪತ್ತೈದು
ಎಡೊ

ಓತಾಮಿ,

ನಿನ್ನ ಕಾಗದ ಓದಿ ಎರಡು ದಿನ ಉಳಿ ಮುಟ್ಟಲಿಲ್ಲ. ಆಮೇಲೆ ಧೈರ್ಯ ಮಾಡಿ ಮಸುಗೊರೊ ಧಣಿಯ ಹತ್ತಿರ ಹೋದೆ. ಪೂರ್ತಿ ಹೇಳಲಿಲ್ಲ. ತಂಗಿ ಬಿಡುಗಡೆ ಕೇಳುತ್ತಿದ್ದಾಳೆ ಎಂದಷ್ಟೇ ಹೇಳಿದೆ. ಅವರು ಚಿಲುಮೆ ಕೊಡವುತ್ತಾ, "ನಿನ್ ತಂಗಿ ಈ ಕಡೆ ಬಂದ್ರೆ ತೊಮೊಜುರೊ ಮುಖ ಎದುರಂಗಡಿಗೆ ಹೋಗುತ್ತೆ. ಆಗ ನೀನು ಮಕ್ಕಳಾಟಿಕೆ ಕೆತ್ಕೊಂಡು ಕೂತ್ಕೊ" ಎಂದರು. ಅವರೇ ಭಾವನವರಿಗೆ ಒಂದು ಬುದ್ಧಿಮಾತು ಬರೆಯುತ್ತಾರಂತೆ. ದೊಡ್ಡವರ ಮಾತಿಗೆ ಬೆಲೆ ಇರುತ್ತದೆ. ಸ್ವಲ್ಪ ತಡೆದುಕೋ.

ಇನ್ನೊಂದು ವಿಷಯ. ಕೇಳಲು ನಾಚಿಕೆಯಾಗುತ್ತದೆ, ಆದರೂ ಧಣಿ ಕೇಳು ಎಂದಿದ್ದಾರೆ. ಭಾವನವರು ಕೆಮ್ಮಿ ರಕ್ತ ಉಗುಳುತ್ತಿದ್ದಾರೆ ಎಂದು ಅಲ್ಲಿಂದ ಬಂದ ನಟನೊಬ್ಬ ಹೇಳಿದ. ನಿಜವೇ? ನಟ ಸತ್ತರೆ, ಸತ್ತ ದಿನ ಬರೆದು ಮಾರುವ ತಿಳಿನೀಲಿ ಉಡುಪಿನ ಸಾವಿನ ಚಿತ್ರಕ್ಕೆ ಜನ ಸಾಲುಗಟ್ಟುವುದು ನಿನಗೇ ಗೊತ್ತು. ಹಾಸಿಗೆ ಹಿಡಿದ ನಟರದ್ದಕ್ಕೆಲ್ಲ ನಾವು ಮೊದಲೇ ಹಲಗೆ ಕೆತ್ತಿ, ದಿನದ ಜಾಗ ಮಾತ್ರ ಖಾಲಿ ಬಿಟ್ಟಿರುತ್ತೇವೆ. ಸುದ್ದಿ ಬಂದ ಮೇಲೆ ಅಲ್ಲಿಗೆ ಒಂದು ತುಂಡು ಮರ ಕೂರಿಸಿ ದಿನ ಕೆತ್ತುತ್ತೇವೆ. ಏನಾದರೂ ಆದರೆ ಆರು ದಿನದಲ್ಲಿ ಇಲ್ಲಿಗೆ ಮುಟ್ಟುವ ಅಂಚೆ ಓಟಗಾರನ ಕೈಲಿ ಸುದ್ದಿ ಕಳಿಸು.

*

ಒಂಬತ್ತನೇ ತಿಂಗಳು, ಹನ್ನೆರಡು
ಓಸಾಕ

ಅಣ್ಣನಿಗೆ,

ಮಸುಗೊರೊ ಧಣಿಯ ಬುದ್ಧಿಮಾತು ಬಂದು ತಲುಪಿತು. ಅದರ ಬಗ್ಗೆ ಬರೆಯುವುದಿಲ್ಲ.

ಕೆಮ್ಮು ಇದೆ. ನಿಮ್ಮ ಹಲಗೆ ಸಿದ್ಧ ಮಾಡಿಕೊಳ್ಳಿ. ಖಾಲಿ ಜಾಗ ಬಿಡುವುದು ಬೇಡ. ಅವರು ಹತ್ತನೇ ತಿಂಗಳ ಹದಿನೇಳು ದಾಟುವುದಿಲ್ಲ.

*

ಹತ್ತನೇ ತಿಂಗಳು, ಹತ್ತೊಂಬತ್ತು
ಎಡೊ

ಓತಾಮಿ,

ಈ ಕಾಗದ ಮುಟ್ಟುವ ಹೊತ್ತಿಗೆ ನೀನು ಬಿಳಿ ಉಟ್ಟಿರುತ್ತೀಯ. ಅಳು ಬಂದರೆ ಅಳು, ಬರದಿದ್ದರೆ ಯಾರಿಗಾಗಿಯೂ ಅಳಬೇಡ. ಬಾಯಿಬಿಟ್ಟು ಹೇಳುತ್ತೇನೆ, ನನ್ನ ಎದೆಯ ಮೇಲಿನ ಭಾರ ಇಳಿಯಿತು. ನಾನು ಕೇಳಲಾರದೆ ಹೋದ ಮೂರೂವರೆ ಸಾಲನ್ನು ಬುದ್ಧನೇ ನಿನಗೆ ಬರೆದುಕೊಟ್ಟ.

ವೈದ್ಯರು ದಿನವನ್ನೇ ಹೇಳಿರಬೇಕು, ಇಲ್ಲದಿದ್ದರೆ ನೀನು ಅಷ್ಟು ಗಟ್ಟಿಯಾಗಿ ಬರೆಯುತ್ತಿರಲಿಲ್ಲ ಎಂದುಕೊಂಡೆ. ಖಾಲಿ ಬಿಡದೆ ದಿನ ಕೆತ್ತಿದೆ. ನಿನ್ನಿಂದ ಸುದ್ದಿ ಬರುವವರೆಗೆ ಆರು ದಿನ ಕಾಯೋಣ ಎಂದೆ. ಧಣಿ ಕೇಳಲಿಲ್ಲ. ಎದುರಂಗಡಿಯವರೂ ಅವರ ಹಲಗೆ ಸಿದ್ಧ ಮಾಡಿಟ್ಟಿದ್ದಾರೆಂದು ಗುಸುಗುಸು ಇತ್ತು. "ಸಾಯೋನು ಹೆಂಗೂ ಸಾಯ್ತಾನೆ, ನಾವ್ಯಾಕೆ ಹಿಂದೆ ಬೀಳ್ಬೇಕು?" ಎಂದು ನಿನ್ನೆ, ಹದಿನೆಂಟರ ಬೆಳಿಗ್ಗೆ, ಚಿತ್ರಗಳನ್ನು ಅಂಗಡಿ ಮುಂದೆ ತೂಗುಹಾಕಿಸಿಯೇ ಬಿಟ್ಟರು. ಹಿಂದಿನ ದಿನ ಓಸಾಕದಲ್ಲಿ ಸತ್ತವರ ಸುದ್ದಿ ಮಾರನೇ ಬೆಳಿಗ್ಗೆಯೇ ಇಲ್ಲಿಗೆ ಹೇಗೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ಅಳುವ ಹೆಂಗಸರು ದಿನ ಎಣಿಸುವುದಿಲ್ಲ. ನೂಕುನುಗ್ಗಲಿನಲ್ಲಿ ಒಬ್ಬಳ ಕೈ ಮುರಿಯಿತು. ಇನ್ನೊಬ್ಬಳು ಚಿತ್ರವನ್ನು ಎದೆಗವಚಿಕೊಂಡು ಸೇತುವೆಯಿಂದ ಹಾರಿದಳು. ಎತ್ತಿ ತಂದರು, ಬದುಕಲಿಲ್ಲ.

ಒಂದು ಪ್ರತಿಯನ್ನು ನಿಮ್ಮ ದೇವರಮನೆಗೆಂದು ಇದರ ಜೊತೆ ಕಳಿಸಿದ್ದೇನೆ. ಅತ್ತೆಗೆ ಕೊಡು. ಮಗನ ಕಣ್ಣು ಹೇಗೆ ಬಂದಿದೆ ನೋಡಲಿ.

*

ಹನ್ನೊಂದನೇ ತಿಂಗಳು, ಎರಡು
ಓಸಾಕ, ಸೆರೆಮನೆ

ಅಣ್ಣನಿಗೆ,

ಇಲ್ಲಿ ಬಟ್ಟೆ ಒಗೆಯುವವಳ ಕೈಲಿ ಕದ್ದು ಕಳಿಸುತ್ತಿದ್ದೇನೆ. ನಿಮ್ಮ ಕಾಗದವನ್ನು ಓದಿದ ತಕ್ಷಣ ಒಲೆಗೆ ಹಾಕಿದೆ. ಚಿತ್ರವನ್ನು ಹಾಕುವಷ್ಟರಲ್ಲಿ ಅತ್ತೆ ಕಸಿದುಕೊಂಡರು.

ಮೊದಲು ಚಿತ್ರವನ್ನು ಹಣೆಗೊತ್ತಿಕೊಂಡು ಅತ್ತರು. ಆಮೇಲೆ ಅದನ್ನು ಸುತ್ತಿ ತಂದ ಹೊದಿಕೆಯ ಮೇಲೆ ಅಂಚೆಯವರು ಬರೆದ ದಿನ ನೋಡಿದರು. ಎಡೊ, ಹತ್ತೊಂಬತ್ತು. ಅಳು ನಿಂತಿತು. ಬೆರಳು ಮಡಿಸಿ ಎಣಿಸಿದರು. "ನನ್ ಮಗ ಹೋಗಿದ್ದು ಹದಿನೇಳರ ಸಂಜೆ. ಆರು ದಿನದ ದಾರೀನ ಒಂದೇ ದಿನಕ್ಕೆ ಯಾವ ಹಕ್ಕಿ ಹಾರ್ಕೊಂಡ್ ಹೋಯ್ತಮ್ಮಾ? ನಿಮ್ಮಣ್ಣ ಇದನ್ನ ಯಾವಾಗ ಕೆತ್ತಿದ, ಯಾವಾಗ ಒತ್ತಿಸಿದ? ಹೇಳೇ, ಬಾಯ್ಬಿಡೇ!" ಎಂದು ಧೂಪದ ಹಿತ್ತಾಳೆ ಬಟ್ಟಲಿನಿಂದ ನನ್ನ ಮುಖಕ್ಕೆ ಬಡಿದರು. ತಂಡದವರೆಲ್ಲ ಅಲ್ಲೇ ಇದ್ದರು. ಒಬ್ಬರೂ ಹಿಡಿಯಲಿಲ್ಲ. ಹೊಟ್ಟೆನೋವಿನ ಸಾವು ಎಂದು ಬರೆಸಿ ಆಗಿದ್ದನ್ನು ಕಾವಲಿನವರು ಅಳಿಸಿದರು. ಅಡುಗೆಮನೆಯ ಪಾತ್ರೆಯಲ್ಲಿ ಇಲಿ ಪಾಷಾಣದ ಕಲೆ ಸಿಕ್ಕಿತು. ಇಲಿ ಇಲ್ಲದ ಮನೆ ಯಾವುದಿದೆ ಎಂದೆ.

ಮೊನಚು ಹಲಗೆಗಳ ಮೇಲೆ ಮಂಡಿಯೂರಿಸಿ ತೊಡೆಯ ಮೇಲೆ ಕಲ್ಲು ಚಪ್ಪಡಿ ಹೇರುತ್ತಾರೆ. ನಿನ್ನೆಗೆ ಮೂರು ಚಪ್ಪಡಿ. ಇನ್ನೂ ಒಪ್ಪಿಕೊಂಡಿಲ್ಲ. ಒಪ್ಪಿಕೊಂಡರೆ ಏನಾಗುತ್ತದೆ ಎಂದು ಗೊತ್ತು. ಗಂಡನನ್ನು ಕೊಂದವಳನ್ನು ಊರೆಲ್ಲ ಮೆರೆಸಿ, ಕಂಬಕ್ಕೆ ಕಟ್ಟಿ, ಎರಡೂ ಪಕ್ಕೆಯಿಂದ ಈಟಿ ಏರಿಸುತ್ತಾರೆ.

ಒಂಬತ್ತನೇ ತಿಂಗಳಲ್ಲಿ ನಾನು ಬರೆದ ಕಾಗದ ಸುಟ್ಟುಬಿಡಿ. ಅದು ಯಾರ ಕೈಗೂ ಸಿಗಬಾರದು. ಆ ದಿನ ಹೇಗೆ ಬಂತು ಎನ್ನುವುದಕ್ಕೆ ಒಂದು ಉತ್ತರ ಹುಡುಕಿ. ನಿಮ್ಮ ಉತ್ತರ ಬರುವವರೆಗೆ ಹಲ್ಲು ಕಚ್ಚಿಕೊಂಡಿರುತ್ತೇನೆ. ಉಳಿದ ಹಲ್ಲುಗಳನ್ನು.

*

ಹನ್ನೊಂದನೇ ತಿಂಗಳು, ಹದಿನಾಲ್ಕು
ಎಡೊ

ಓತಾಮಿ,

ಅಕ್ಷರ ವಕ್ರವಾಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನವೇ ಇಲ್ಲಿನ ಕಚೇರಿಯಿಂದಲೂ ಅಂಗಡಿಗೆ ಕರೆ ಬಂತು. ಮಸುಗೊರೊ ಧಣಿ ನಾಲ್ಕು ಜನರನ್ನು ಕಟ್ಟಿಕೊಂಡು ನಾನು ಕೂತಲ್ಲಿಗೆ ಬಂದರು. "ನಿನ್ ತಂಗಿ ದಿನ ಬರ್ದು ಕಳಿಸಿದ ಕಾಗ್ದ ಕೊಡು. ಅದನ್ನ ತೋರಿಸಿದ್ರೆ ಅಂಗ್ಡಿ ಉಳಿಯುತ್ತೆ, ನೀನೂ ಉಳೀತೀಯ" ಎಂದರು. ಕಾಗದ ನನ್ನ ಎದೆಯ ಮಡಿಕೆಯಲ್ಲೇ ಇತ್ತು. ಅಂಟು ಕಾಯಿಸುವ ಕೆಂಡಕ್ಕೆ ಹಾಕಿ, ಅದು ಉರಿದು ಮುಗಿಯುವವರೆಗೆ ಮೈಯಡ್ಡ ಕೊಟ್ಟು ನಿಂತೆ. ಬೆನ್ನಿಗೆ ಬಡಿದರು, ಕದಲಲಿಲ್ಲ. ಬೂದಿ ನೋಡಿ ಧಣಿಗೆ ಹುಚ್ಚು ಹಿಡಿಯಿತು. ನನ್ನ ಬಲಗೈಯನ್ನು ಅರ್ಧ ಕೆತ್ತಿದ್ದ ಹಲಗೆಯ ಮೇಲೆ ಒತ್ತಿ ಹಿಡಿಸಿದರು. "ಇಪ್ಪತ್ತು ವರ್ಷ ಉಣ್ಣಾಕಿದ್ ಕೈ ಇದು, ನೋಡ್ಕೊ" ಎಂದು ನನ್ನದೇ ಕೊಡತಿಯಿಂದ ಒಂದೊಂದೇ ಬೆರಳು ಜಜ್ಜಿದರು. ನಾನು ಎಣಿಸಿದೆ. ನಾಲ್ಕಾದ ಮೇಲೆ ಪ್ರಜ್ಞೆ ತಪ್ಪಿತು. ಹೆಬ್ಬೆರಳು ಉಳಿದಿದೆ, ಅದರಿಂದ ಏನು ಪ್ರಯೋಜನ.

ನಾನು ನಿನ್ನ ಕೂದಲು ಕೆತ್ತಿದ ಕೈ ಅದು. ಹೋಗಲಿ. ನನಗೆ ಅದರ ಬಗ್ಗೆ ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನೆಯಿಂದ ಮಗುವಿನ ಹಾಗೆ ಅಳುತ್ತಿದ್ದೇನೆ. ಆದರೆ ಎಂಟನೇ ತಿಂಗಳಲ್ಲಿ ನೀನು ಕರೆದಾಗ ಬಾರದವನಿಗೆ ಇದು ಕಡಿಮೆಯೇ.

ನಾಳೆ ಹೊರಡುತ್ತೇನೆ. ಹದಿನಾಲ್ಕು ದಿನದ ನಡಿಗೆ. ಅಲ್ಲಿಯವರೆಗೆ ಏನನ್ನೂ ಒಪ್ಪಿಕೊಳ್ಳಬೇಡ.

*

ಹನ್ನೊಂದನೇ ತಿಂಗಳು, ಇಪ್ಪತ್ತೊಂಬತ್ತು
ಓಸಾಕ, ನದಿಯ ಪಕ್ಕದ ವಸತಿಗೃಹ

ಓತಾಮಿ,

ನಿನ್ನಿಂದ ನಾಲ್ಕು ಬೀದಿ ದೂರದಲ್ಲಿದ್ದೇನೆ. ಬಟ್ಟೆ ಒಗೆಯುವವಳನ್ನು ಹುಡುಕಿ ಹಿಡಿದೆ. ಆಟ ಹದಿನಾರಕ್ಕೆ ಮುಗಿದಿತ್ತೆಂದು ಅವಳೇ ಹೇಳಿದಳು. ಇದನ್ನು ಓದಿ ನುಂಗಿಬಿಡು.

ದಾರಿಯುದ್ದಕ್ಕೂ ಯೋಚಿಸಿದೆ. ಹಲಗೆಗಳನ್ನು ಮೊದಲೇ ಕೆತ್ತುವುದು ನಮ್ಮ ಪದ್ಧತಿ, ದಿನ ನಾನು ಊಹಿಸಿದ್ದು ಎಂದು ಹೇಳಬಹುದಿತ್ತು. ಯಾರೂ ನಂಬುವುದಿಲ್ಲ. ಎಡೋದಲ್ಲಿ ಕೂತವನು ಓಸಾಕದ ಸಾವಿನ ದಿನವನ್ನು ಸರಿಯಾಗಿ ಕೆತ್ತಬೇಕಾದರೆ ಒಂದೇ ದಾರಿ. ಸಾವನ್ನು ಕಳಿಸಿದವನು ಅವನೇ ಆಗಿರಬೇಕು.

ಆದ್ದರಿಂದ ನಾನೇ ಇಲ್ಲಿನ ಕಚೇರಿಗೆ ಹೋಗಿ ಹೀಗೆ ಹೇಳುತ್ತೇನೆ. ಒಂಬತ್ತನೇ ತಿಂಗಳಲ್ಲಿ ನಾನು ಕೆಮ್ಮಿನ ಪುಡಿ ಎಂದು ಇಲಿ ಪಾಷಾಣ ಕಳಿಸಿದೆ. ಆಟ ಇರುವ ದಿನಗಳಲ್ಲಿ ಬೆವರಿಗೆ ಔಷಧಿ ನಿಲ್ಲುವುದಿಲ್ಲ, ಆಟ ಮುಗಿದ ಮಾರನೇ ದಿನ, ಹತ್ತನೇ ತಿಂಗಳ ಹದಿನೇಳರ ಬೆಳಿಗ್ಗೆ ಗಂಜಿಯಲ್ಲಿ ಬೆರೆಸಿ ಕೊಡು ಎಂದು ಬರೆದೆ. ಸಾವಿನ ಚಿತ್ರ ಎಲ್ಲರಿಗಿಂತ ಮೊದಲು ನನ್ನದೇ ಬರಬೇಕೆಂಬ ದುರಾಸೆಗೆ ಕೊಂದೆ. ನೀನು ಹೇಳಬೇಕಾದ್ದು ಇಷ್ಟೇ: "ಅಣ್ಣ ಕಳ್ಸಿದ ಕೆಮ್ಮಿನ ಪುಡಿ ಕೊಟ್ಟೆ, ಅವನನ್ನ ಉಳಿಸೋಕೆ ಇಷ್ಟು ದಿನ ಬಾಯ್ಬಿಡ್ಲಿಲ್ಲ." ಇದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರು ನಂಬುತ್ತಾರೆ. ಹೆಂಗಸಿನ ಮುರಿದ ಹಲ್ಲನ್ನು ಯಾರೂ ನಂಬುವುದಿಲ್ಲ, ನಮ್ಮ ಕಸುಬಿನವರ ದುರಾಸೆಯನ್ನು ಎಲ್ಲರೂ ನಂಬುತ್ತಾರೆ.

ನೀನು ಮಾಡಿದೆಯೋ ಇಲ್ಲವೋ ನನಗೆ ಹೇಳಬೇಡ. ಕಲ್ಲು ಹೇರಿದಾಗ ನನ್ನ ಬಾಯಿ ನಿನ್ನಷ್ಟು ಗಟ್ಟಿ ಇರಲಾರದು.

*

ಹನ್ನೆರಡನೇ ತಿಂಗಳು, ಇಪ್ಪತ್ತೆರಡು
ಓಸಾಕ

ಅಣ್ಣನಿಗೆ,

ಇವತ್ತು ಬೆಳಿಗ್ಗೆ ನನ್ನನ್ನು ಬಿಟ್ಟರು. ನೀವು ಹೇಳಿಕೊಟ್ಟ ಮಾತನ್ನು ಹಾಗೆಯೇ ಒಪ್ಪಿಸಿದೆ, ಒಂದು ಅಕ್ಷರ ಆಚೀಚೆ ಮಾಡಲಿಲ್ಲ. ನ್ಯಾಯಾಧಿಕಾರಿ ನನ್ನನ್ನು ನೋಡಿ, "ಅಣ್ಣ ಅಂತ ನಂಬ್ದೆ ನೋಡು, ಪಾಪದ ಹೆಂಗ್ಸು" ಎಂದರು. ಮಂಡಿ ಮಡಚಲು ಬರುವುದಿಲ್ಲ. ಎರಡು ಕೋಲು ಊರಿಕೊಂಡು ಬಟ್ಟೆ ಒಗೆಯುವವಳ ಮನೆಗೆ ಬಂದಿದ್ದೇನೆ, ಇದನ್ನೂ ಅವಳ ಕೈಲೇ ನಿಮ್ಮ ಸೆರೆಗೆ ಕಳಿಸುತ್ತೇನೆ.

ಹೇಳಬೇಡ ಎಂದಿದ್ದಿರಿ. ಇನ್ನು ನಿಮ್ಮ ಬಾಯಿ ಬಿಡಿಸುವವರು ಯಾರೂ ಇಲ್ಲ, ನಾಳೆ ಎಲ್ಲ ಮುಗಿಯುತ್ತದೆ. ಆದ್ದರಿಂದ ಹೇಳುತ್ತೇನೆ. ನಾನೇ ಕೊಂದೆ. ಮಸುಗೊರೊ ಧಣಿಯ ಕಾಗದ ಓದಿ ಅವರು ನನ್ನನ್ನು ಕಂಬಕ್ಕೆ ಕಟ್ಟಿ, "ಈಗ ಹೊಡೆದ್ರೆ ಕೈ ಊದ್ಕೊಳುತ್ತೆ, ಆಟ ಕೆಡುತ್ತೆ. ಬರೋ ತಿಂಗ್ಳು ಹದಿನಾರಕ್ಕೆ ಆಟ ಮುಗೀಲಿ. ಹದಿನೇಳಕ್ಕೆ ನಿನ್ ಮೂರೂವರೆ ಸಾಲು ಬರೀತೀನಿ, ಕತ್ತಿ ತಗೊಂಡು ನಿನ್ ಬೆನ್ ಮೇಲೆ" ಎಂದರು. ಹೇಳಿದ್ದನ್ನು ಮಾಡುವವರು ಅವರು. ಆ ದಿನ ಇಬ್ಬರಲ್ಲಿ ಒಬ್ಬರು ಎಂದು ನನಗೆ ಆಗಲೇ ಗೊತ್ತಾಯಿತು. ಬೆಳಿಗ್ಗೆ ಗಂಜಿ ಕೊಟ್ಟೆ. ಮಧ್ಯಾಹ್ನದವರೆಗೆ ವಾಂತಿ, ಆಮೇಲೆ ಸೆಳೆತ. ನೆಲದ ಮೇಲೆ ಒದ್ದಾಡುತ್ತಲೇ ನನ್ನ ಕೂದಲಿಗೆ ಕೈ ಹಾಕಿದರು. ನಾನು ಬೆರಳು ಬಿಡಿಸಿ ದೂರ ಕೂತು ನೋಡಿದೆ. ಮರುಕ ಬರಲಿಲ್ಲ. ಈಗಲೂ ಬರುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿತ್ತು, ಬಹಳ ಸಿಟ್ಟಿತ್ತು. ಚಿತ್ರ ಬಂದ ದಿನ ನೀವೂ ಸಾಯಲಿ ಎಂದುಕೊಂಡಿದ್ದೆ. ನಿಮ್ಮ ಎಡಗೈಯ ಅಕ್ಷರ ನೋಡಿದ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ನಾಳೆ ನಿಮ್ಮನ್ನು ಕುದುರೆ ಮೇಲೆ ಕೂರಿಸಿ ಊರು ಸುತ್ತಿಸಿ, ಆಮೇಲೆ ತಲೆ ತೆಗೆಯುತ್ತಾರಂತೆ. ಸೆರೆಮನೆಯ ಬಾಗಿಲು ಇಲ್ಲಿಂದ ನೂರು ಹೆಜ್ಜೆ. ಹೋಗಿ ನಿಜ ಹೇಳಿದರೆ ನಿಮ್ಮ ಕತ್ತು ಉಳಿದೀತು. ಮಧ್ಯಾಹ್ನ ಎರಡು ಸಲ ಕೋಲು ಎತ್ತಿಕೊಂಡೆ, ಎರಡು ಸಲವೂ ಹೊಸ್ತಿಲಲ್ಲೇ ನಿಂತೆ. ನಾನು ಹೋಗುವುದಿಲ್ಲ.

ಮೆರವಣಿಗೆ ಬರುವ ಬೀದಿಯಲ್ಲಿ, ಸೇತುವೆಯ ಈ ತುದಿಯಲ್ಲಿ ನಿಂತಿರುತ್ತೇನೆ. ಕೊನೆಯವರೆಗೆ ನೋಡುತ್ತೇನೆ. ನೀವು ಮಾತ್ರ ಈ ಕಡೆ ತಿರುಗಬೇಡಿ. ನಿಮ್ಮ ಕಣ್ಣು ನನ್ನ ಮೇಲೆ ಬಿದ್ದರೆ ನಾನು ಕೂಗಿಬಿಡುತ್ತೇನೆ, ಎಲ್ಲ ಹೇಳಿಬಿಡುತ್ತೇನೆ. ನನಗೆ ಬದುಕಬೇಕು ಅಣ್ಣ. ಕುದುರೆಯ ಕಿವಿ ನೋಡಿಕೊಂಡು ಹೋಗಿಬಿಡಿ.

ಓತಾಮಿ